ಒಣಗಬಾರ್ದು ಅಂದವರು ನೀವ

...ಇಲ್ಲಣ್ಣಾ, ಈಗ ಬಾನೆಟ್ ಎತ್ತಬ್ಯಾಡ್ರಿ! ನಿಂದರ್ರಿ. ಮೊದ್ಲ ಚಾ ಕುಡೀರಿ, ನಾ ಹೇಳೂದು ಮುಗೀಲಿ. ಚಾಂದಸಾಬಣ್ಣಾ, ಇಡೀ ಹುನಗುಂದದಾಗ ನಿಮ್ಮಂಥಾ ಮೇಸ್ತ್ರಿ ಇಲ್ಲ ಅಂತ ಇಳಕಲ್ಲ ತುಂಬ ಹೇಳ್ಕೊಂತ ಅಡ್ಡಾಡೀನಿ... ಯಾಕ ನಗ್ತೀರಿ? ಖರೇನ! ನಮ್ಮ ಖಾನಾವಳಿಗೆ ಉಣ್ಣಾಕ ಬಂದವ್ರಿಗೆಲ್ಲಾ ಒಂದ ರೊಟ್ಟಿ ನೀಡೂದು, ಒಂದ ಮಾತು ನೀಡೂದು. "ನೋಡ್ರಿ, ಹೊರಗ ನಿಂತೈತಲ್ಲ ಬೆಳ್ಳಿ ಬಣ್ಣದ ಕಾರು? ಹದಿಮೂರು ವರ್ಷದ್ದು. ಇಂಜಿನ್ನಿಗೆ ಗಾಳಿ ನೂಕಿ ಜೋರ ಕೊಡೂ ಟರ್ಬೊ ಐತಿ. ಚಾಂದಸಾಬಣ್ಣ ತನ್ನ ಸ್ವಂತ ಗಾಡಿ ನನಗ ಮಾರ್ಯಾನ!" ಅಂತ. ಮೊನ್ನೆ ಒಬ್ಬಾಂವ ಕೇಳಿ ಕೇಳಿ ಬ್ಯಾಸತ್ತು ಎರಡ ರೊಟ್ಟಿಗೇ ಕೈ ತೊಳಕೊಂಡ, ಪಾಪ!

ಏನಂದ್ರಿ? ನಮ್ಮ ಮನಿಯವ್ರಾ? ಬಂದಾರಲ್ಲ... ಅಂದ್ರ, ಬಸ್ ಸ್ಟ್ಯಾಂಡಿನ್ಯಾಗ ಇಳದ್ರು. ಹಳೇ ದೋಸ್ತ್ರನ್ನ ಮಾತಾಡ್ಸಿ ಬರ್ತೇನಿ ಅಂದ್ರು. ಬರ್ತಾರ, ಬರ್ತಾರ. ನಿಮ್ಮ ಷರತ್ತು ನಾ ಮರತಿಲ್ಲ, ಬಾಯಿಪಾಠ ಐತಿ. "ದಾನೇಶ್ವರಿ ತಂಗಿ, ಒಂದ ತಿಂಗಳ ಹೊಳಬಸಪ್ಪ ಬಾಜೂಕ ಕೂತಿರ್ಬೇಕು. ಆಂವ ಮೂವತ್ತ ವರ್ಷ ಬಸ್ ಹೊಡದಾಂವ. ನೀ ಒಬ್ಬಾಕಿ ಊರ ದಾಟಿದಿ ಅಂತ ಗೊತ್ತಾದ್ರ, ಬಂದು ಕೀಲಿ ಕಸಗೋತೇನಿ. ನಿನ್ನ ರೊಕ್ಕ ನಿನಗ, ನನ್ನ ಗಾಡಿ ನನಗ." ಇಷ್ಟ ಅಂದಿದ್ರಿಲ್ಲೊ? ಹನ್ನೆರಡ ದಿನ ಆತು. ಅವರು ಬಾಜೂಕ ಕುಂಡ್ರತಾರ. ಕುಂತು ಏನ ಮಾಡ್ತಾರ ಗೊತ್ತೇನು? ಬ್ರೇಕ್ ಇಲ್ಲದ ಕಡೆ ಬ್ರೇಕ್ ತುಳೀತಾರ! ಆ ಕಡೆ ಕಾಲಾಗಿನ ಚಾಪಿ ನೋಡ್ರಿ ಬೇಕಾದ್ರ, ಸವದೈತಿ!

ನೀವು ಹೇಳಿಕೊಟ್ಟದ್ದು ಒಂದೂ ತಪ್ಪಿಸಿಲ್ಲ ನಾ. ಒಪ್ಪಸ್ತೇನಿ, ಕೇಳ್ರಿ. ಮುಂಜಾನೆ ಚಾಲೂ ಮಾಡಿದ ಕೂಡ್ಲೇ ಹೊಂಡಬಾರ್ದು. ಒಂದ ಮಿನಿಟ ನಿಂದರ್ಬೇಕು. ಯಾಕ? ಗಾಡಿ ನಿಂತಾಗ ಎಣ್ಣಿ ಎಲ್ಲಾ ತೆಳಗ ಇಳದು ಕುಂತಿರತೈತಿ, ಅದು ಟರ್ಬೊ ತನಕ ಏರಬೇಕು. ಏರೂದ್ರಾಗ ರೇಸ್ ಕೊಟ್ರ ಒಳಗಿನ ಆ ಸಣ್ಣ ಫ್ಯಾನ್ ಒಣಾ ತಿರಗಿ ಸವೀತೈತಿ. ಬರೊಬ್ಬರಿ ಹೌದಿಲ್ಲೊ? ನಾ ಆ ಮಿನಿಟಿನ್ಯಾಗ ಒಂದ ವಚನ ಅಂತೇನಿ. ವಚನ ಮುಗೀತು, ಗೇರ್ ಬಿತ್ತು!

ಇನ್ನ, ದೂರ ಓಡ್ಸಿ ಬಂದ ಮ್ಯಾಲ ಟಪ್ ಅಂತ ಬಂದ್ ಮಾಡಬಾರ್ದು. ಎರಡ ಮಿನಿಟ ಹಂಗ ಚಾಲೂ ಇಡಬೇಕು. ಟರ್ಬೊ ಕೆಂಡ ಆಗಿರತೈತಿ, ಬಂದ್ ಮಾಡಿದ್ರ ಎಣ್ಣಿ ಹರಿಯೂದು ನಿಲ್ಲತೈತಿ, ನಿಂತದ್ದು ಅಲ್ಲೇ ಕರಕಾಗತೈತಿ. ನೀವು ಎಷ್ಟ ಚಂದ ತಿಳಸಿದ್ರಿ ಅಣ್ಣಾ! "ತಂಗಿ, ನಿನ್ನ ತಾಲಿಪಟ್ಟಿನ ಹಂಚು ನೆನಸ್ಕೊ. ಕಾದ ಹಂಚಿಗೆ ಎಣ್ಣಿ ತಪ್ಪಿದ್ರ ಏನಾಗತೈತಿ? ಹೊತ್ತತೈತಿ. ಟರ್ಬೊನೂ ಹಂಗ. ಏನರ ಆಗ್ಲಿ, ಅದು ಒಣಗಬಾರ್ದು!" ಬಾಜೂ ಮನಿ ನಜಮಾ ಕೇಳ್ತಾಳ, "ಅಕ್ಕಾ, ಗಾಡಿ ನಿಂತೈತಿ, ನೀವು ಇಳೀವಲ್ರಿ, ಮನಿಯವ್ರ ಜೋಡಿ ಜಗಳೇನು?" "ಇಲ್ಲವಾ, ಟರ್ಬೊ ಆರ್ಲಿ ಅಂತ ಕುಂತೀನಿ" ಅಂದ್ನಿ. ಈಗ ಆಕಿನೂ ಸ್ಕೂಟರ್ ಮ್ಯಾಲ ಎರಡ ಮಿನಿಟ ಕುಂತ ಇಳೀತಾಳ!

ನಗ್ರಿ, ನಗ್ರಿ. ನೀವು ನಕ್ರ ನನಗ ಧೈರ್ಯ.

ಎಣ್ಣಿ ಐದ ಸಾವಿರ ಕಿಲೋಮೀಟರಿಗೆ ಬದಲ್ ಮಾಡೂದು, ಪುಸ್ತಕದಾಗ ಹತ್ತ ಸಾವಿರ ಅಂತ ಇದ್ರೂ. ಹಳೇ ಟರ್ಬೊ ಮುದುಕನ ಹೊಟ್ಟಿ ಇದ್ದಂಗ, ತಾಜಾ ಇದ್ರ ಅಷ್ಟ ಒಗ್ಗತೈತಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳಕ್ಕ ಕೈ ಹಚ್ಚಬಾರ್ದು... ಕುಕ್ಕರ್ ಮುಂದ ಬಾಳ್ವಿ ಮಾಡಿದಾಕಿಗೆ ಅದನ್ನೂ ಹೇಳಬೇಕೇನ್ರಿ? ರಬ್ಬರ್ ಪೈಪ್ ಎಲ್ಲರ ಸೀಳೈತೇನು ನೋಡಬೇಕು. ನೋಡೀನಿ. ಗಾಳಿ ಫಿಲ್ಟರ್... ಅಯ್ಯ, ನಮ್ಮೂರ ಕಲ್ಲಿನ ಕ್ವಾರಿ ಧೂಳು ನಿಮಗ ಗೊತ್ತೈತಲ್ಲ! ತಗದು, ಹಿಟ್ಟಿನ ಜರಡಿ ಬಡದಂಗ ಬಡದು... ಬಡೀಬಾರ್ದಾ? ಹಳೇದಾದ್ರ ಹೊಸಾದು ಹಾಕಬೇಕಾ? ಸಾವಕಾಶ ಬಡದೀನಿ ಅಣ್ಣಾ, ಕೂಸಿನ ಬೆನ್ನ ತಟ್ಟಿದಂಗ.

ಹೊಗಿ ಬಣ್ಣಾನೂ ಕಲ್ತೀನಿ. ಕರೀ ಹೊಗಿ ಬಂದ್ರ ಗಾಳಿ ಕಡಿಮಿ. ನೀಲಿ ಬಂದ್ರ ಎಣ್ಣಿ ಸುಡಾಕ್ಹತ್ತೈತಿ. ಬಿಳೀದು ಬಂದ್ರ... ಎಲ್ಲಿ ಹೊಂಟ್ರಿ? ಹಿಂದ ಏನೈತಿ? ಹೊಗಿ ನಳಿಗಿ ಅಷ್ಟ ಐತಿ ಅಲ್ಲಿ. ಬಗ್ಗಬ್ಯಾಡ್ರಿ, ನಿಮಗ ಸೊಂಟ ನೋವು ಅಂತಿದ್ರು ನಿಮ್ಮನಿ ಅಬೇದಾ ವೈನಿ...

ವಾಸನಿ? ಏನ ವಾಸನಿ?

ಮಿರ್ಚಿ ಭಜಿ ಅಂದ್ರ ಹೆಂಗಣ್ಣಾ! ಗಾಡಿಗೆ ಎಲ್ಲೀ ಭಜಿ? ಎದುರಿನ ಅಂಗಡ್ಯಾಂವ ಕರ್ಯಾಕ್ಹತ್ತಿರಬೇಕು... ಆಂವ ಇನ್ನೂ ಒಲೀನ ಹಚ್ಚಿಲ್ಲಾ? ಹೌದಲ್ಲ. ಹಂಗಾದ್ರ ನನ್ನ ಸೀರಿ ವಾಸನಿ! ಖಾನಾವಳ್ಯಾಗ ದುಡಿಯಾಕಿ, ನನ್ನ ಕೂದ್ಲೂ ಒಗ್ಗರಣಿ ವಾಸನಿ ಹೊಡೀತಾವು...

ಎತ್ತಿದ್ರಾ ಬಾನೆಟ್? ಎತ್ರಿ. ಎಣ್ಣಿ ಅಳಿಯೂ ಆ ಕಡ್ಡಿ ತಗೀಬ್ಯಾಡ್ರಿ, ಎಣ್ಣಿ ಬರೊಬ್ಬರಿ ಐತಿ, ನಾನ ನೋಡೀನಿ. ಸಪಾಟ ನೆಲದ ಮ್ಯಾಲ ನಿಲ್ಲಿಸಿ, ಇಂಜಿನ್ ಆರಿದ ಮ್ಯಾಲ... ತಗದ್ರಿ. ಮೂಸಿದ್ರಿ.

ನಾಲಿಗೀಗೆ ಯಾಕ ಹಚ್ಚಿದ್ರಿ ಅಣ್ಣಾ!

...ಕುಸುಬಿ ಎಣ್ಣಿ. ಹೌದು. ಅರ್ಧ ಲೀಟರ್.

ಹಂಗ ಹಣಿ ಹಣಿ ಬಡಕೊಬ್ಯಾಡ್ರಿ! ಕೇಳ್ರಿ. ನಿನ್ನೆ ಮಧ್ಯಾಹ್ನ ಪಟ್ಟದಕಲ್ಲಿಗೆ ಹೋಗಿದ್ವಿ. ಹೊಂಟಾಗ ಅಮೀನಗಡದಾಗ ನಿಂತು ಗಾಣದ್ದು ಐದ ಲೀಟರ್ ಕುಸುಬಿ ಎಣ್ಣಿ ತಗೊಂಡಿದ್ವಿ, ಖಾನಾವಳಿಗೆ. ಐಹೊಳಿ ದಾಟಿದ ಮ್ಯಾಲ ಮುಂದ ಕೆಂಪ ದೀಪ ಹತ್ತಿತು, ಗಿಂಡಿ ಆಕಾರದ್ದು. ಎಣ್ಣಿ ದೀಪ! ನನ್ನ ತಲ್ಯಾಗ ನಿಮ್ಮದ ಮಾತು: ಒಣಗಬಾರ್ದು, ಒಣಗಬಾರ್ದು, ಒಣಗಬಾರ್ದು. ನೀವು ಕೊಟ್ಟ ಇಂಜಿನ್ ಎಣ್ಣಿ ಡಬ್ಬಿ? ಅದನ್ನ ಮನ್ಯಾಗ ಇಳಿಸಿದ್ನಿ, ಡಿಕ್ಕ್ಯಾಗ ಜಾಗಾ ಆಗ್ಲಿ ಅಂತ. ಸುತ್ತ ಜ್ವಾಳದ ಹೊಲಾ, ಅಂಗಡಿ ಇಲ್ಲ, ಮುಂಗಟ್ಟಿಲ್ಲ. ಹಂಚು ಕಾದೈತಿ, ಎಣ್ಣಿ ಕೈಯಾಗ ಐತಿ. ಮನಷ್ಯಾನ ಎದಿಗೆ ಚಲೋದು ಅಂತ ಡಾಕ್ಟರ ಹೇಳ್ತಾರ, ಇಂಜಿನ್ನಿಗೆ ಕೆಟ್ಟದಾಗತೈತೇನು? ದೀಪ ಆರಿತು! ಚಪ್ಪಾಳಿ ಹೊಡದ್ನಿ!

ಆದ್ರ... ಹಾಕಿದ್ದು ನಾ ಅಲ್ಲ. ಅವರು. ನಮ್ಮ ಮನಿಯವರು. ನಾ ಬ್ಯಾಡ ಅಂದ್ನಿ, ಅವರ ಕೇಳ್ಲಿಲ್ಲ. "ಹಾಕು, ಏನಾಗೂದಿಲ್ಲ" ಅಂದ್ರು. ಅಂದು, ತಾವ ಹಾಕಿದ್ರು.

...

ಯಾಕ ಹಂಗ ನೋಡಾಕ್ಹತ್ತೀರಿ?

ಹೌದು, ಮೂವತ್ತ ವರ್ಷ ಬಸ್ ಹೊಡದಾರ. ಖರೆ. ಇಂಜಿನ್ ದನಿ ಕೇಳಿ ಜಡ್ಡ ಹೇಳ್ತಿದ್ರು. ಅದೂ ಖರೆ. ಆದ್ರೂ ಮನಷ್ಯಾ ಅಂದ ಮ್ಯಾಲ... ವಯಸ್ಸಾತು... ಅಡಗಿ ಎಣ್ಣಿ ಯಾವ್ದು, ಇಂಜಿನ್ ಎಣ್ಣಿ ಯಾವ್ದು ಅಂತ ಒಮ್ಮೊಮ್ಮೆ...

ಬೈರಿ ಬೇಕಾದ್ರ. ಆ ಕಡ್ಡಿ ತೆಳಗ ಇಡ್ರಿ. ಹೇಳ್ತೇನಿ, ಖರೇದನ್ನ ಹೇಳ್ತೇನಿ.

...

ಬಸ್ ಸ್ಟ್ಯಾಂಡಿನ್ಯಾಗ ಯಾರೂ ಇಲ್ಲ. ಅವರು ಇಳಕಲ್ಲಾಗ, ಮನ್ಯಾಗ ಅದಾರ. ನಿನ್ನೆನೂ ಉಂಡು ಮಲಗಿದ್ರು. ಚಾಂದಸಾಬಣ್ಣ ಗಾಡಿ ತೋರ್ಸಾಕ ಕರದಾನ, ಹೋಗಿ ಬರ್ತೇನಿ ಅಂತ ನಿಮ್ಮ ಹೆಸರ ಹೇಳಿದ್ನಿ. "ಹ್ಞೂಂ" ಅಂದು ಹೊಳ್ಳಿ ಮಲಗಿದ್ರು. ನಿಮ್ಮ ಮ್ಯಾಲ ಅಷ್ಟ ನಂಬಿಕಿ ಅವರಿಗೆ. ನಿನ್ನೆ ಗಾಡಿ ಹುನಗುಂದಕ್ಕ ಬಂತು, ಖರೆ. ನಿಮ್ಮ ಗ್ಯಾರೇಜಿನ ಮುಂದ ಬಂದಾಗ ನನ್ನ ಕಾಲು ಬ್ರೇಕ್ ಮ್ಯಾಲ ಹೋಗ್ಲಿಲ್ಲ ಅಣ್ಣಾ. ಹೋಗ್ಲೇ ಇಲ್ಲ! ಮುಂದ ರಸ್ತೆ ಖಾಲಿ. ಮೂರನೇ ಗೇರಿನ್ಯಾಗ ಟರ್ಬೊ ಸಣ್ಣಗ ಸೀಟಿ ಹೊಡೀತು, ಹಿಂದಿಂದ ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದಂಗಾತು, ನಾನೂ ಸೀಟಿ ಹೊಡದ್ನಿ. ಐವತ್ತೆರಡ ವರ್ಷಕ್ಕ ಮೊದಲ್ನೇ ಸೀಟಿ! ಪಟ್ಟದಕಲ್ಲಾಗ ಹೊಳಿ ದಂಡಿ ಮ್ಯಾಲ ಕುಂತು ಒಂದ ಪಾಕೀಟ ಶೇಂಗಾ ತಿಂದ್ನಿ. ಯಾರಿಗೂ ನೀಡೂದಿರಲಿಲ್ಲ, ಯಾರ ಎಲಿ ಎತ್ತೂದಿರಲಿಲ್ಲ. ಮತ್ತ ಹೊಳ್ಳಿ ಬಂದ್ನಿ.

ಒಬ್ಬಾಕಿನ ಇದ್ನಿ, ಅಣ್ಣಾ.

ತಗೋರಿ, ಕೀಲಿ ಇಲ್ಲೈತಿ. ಷರತ್ತಂದ್ರ ಷರತ್ತು. ಗಾಡಿ ವಾಪಸ್ ತಗೋರಿ, ನಾ ಬಸ್ಸಿಗೆ ಹೋಗ್ತೇನಿ. ಆದ್ರ ನಾ ಹೋಗಿ ಬಂದದ್ದನ್ನ... ಅದನ್ನ ಹೆಂಗ ವಾಪಸ್ ತಗೋತೀರಿ?