ಚನ್ನಯ್ಯನ ಕಾಲಿಗೆ ಹತ್ತಕ್ಕೆ ಹತ್ತು

...ಅದಕ್ಕೇ ಹೇಳ್ತೇನೆ ಹೆಗಡೇರೇ, ಇಡೀ ಶಿರಸಿ ತಾಲೂಕಿನಲ್ಲಿ ಒಂಟಿ ಕಾಲ ಮೇಲೆ ಅರ್ಧ ತಾಸು ನಿಲ್ಲುವ ಗಂಡಸು ಅಂದರೆ ಈ ಚನ್ನಯ್ಯ ಒಬ್ಬನೇ! ...ಸರಿ, ಸರಿ, ಹಾಗೆ ನೋಡಬೇಡಿ. ಸುಳ್ಳು. ನಾಲ್ಕು ಸೆಕೆಂಡು. ಆಸ್ಪತ್ರೆಯಲ್ಲಿ ನಡಿಗೆ ಕಲಿಸುವ ಭೂಮಿಕಾ ಮೇಡಂ ಮೂರು ಅಂತ ಬರೆದಿದ್ದಾರೆ. ಒಂದು ನಾನು ಸೇರಿಸಿದ್ದು.

ಚಾ ಕುಡೀರಿ, ಈ ಹೋಟೆಲಿನದು ಬೇಗ ಆರ್ತದೆ. ನನ್ನದಾ? ಸಕ್ಕರೆ ಇಲ್ಲದ್ದೇ... ಅಂದರೆ, ಒಂದೇ ಚಮಚ. ಅಷ್ಟಕ್ಕೆ ಹುಬ್ಬೇರಿಸುವುದು ಯಾಕೆ?

ವಿಷಯಕ್ಕೆ ಬರ್ತೇನೆ. ಸೋಮವಾರ ಶಾಲೆ ಶುರು. ಹುಲೇಕಲ್ಲಿನ ಹನ್ನೊಂದು ಮಕ್ಕಳು, ಮುಂದಿನ ಸೀಟಿನಲ್ಲಿ ನಿಮ್ಮ ಮಗಳು ಸಮೃದ್ಧಿ. ವ್ಯಾನು ನಿಮ್ಮದು, ಕೀಲಿ ನಿಮ್ಮ ಕಿಸೆಯಲ್ಲಿ, ಕಾಲು ನನ್ನದು. ಮೂರು ತಿಂಗಳು ಮನೆಯಲ್ಲಿ ಕೂತದ್ದು ಸಾಕಲ್ಲ? ಆವತ್ತು ಆ ಕರಿ ನಾಯಿ ಅಡ್ಡ ಬಾರದಿದ್ದರೆ ಖಾಲಿ ವ್ಯಾನು ಬೇಲಿಗೆ ಯಾಕೆ ನುಗ್ಗುತ್ತಿತ್ತು?

ಸಕ್ಕರೆ ಕಾಯಿಲೆ ನಿನ್ನ ಪಾದದ ನರ ತಿಂದಿದೆ, ನೆಲ ಎಲ್ಲಿದೆ ಅಂತ ಕಾಲಿಗೆ ತಿಳಿಯುವುದಿಲ್ಲ ಅಂದರು ಡಾಕ್ಟರು. ತಿಳಿಯುವುದೇನು ಬಂತು? ಐವತ್ತೆರಡು ವರ್ಷದಿಂದ ಕೆಳಗೇ ಇದೆ!

ಆದರೂ ಮೇಡಂ ಹೇಳಿದ್ದೆಲ್ಲ ಮಾಡಿದೆ. ಕೈ ಊರದೆ ಕುರ್ಚಿಯಿಂದ ಏಳುವುದು, ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು. ಬಿದ್ದರೆ ಹಿಡಿಯಲಿಕ್ಕೆ ಹಿಂದೆ ಹೆಂಡತಿ ರಾಜೀವಿ. ಇಷ್ಟು ವರ್ಷ ಹಿಂದಿನಿಂದ ಬಯ್ಯುತ್ತಿದ್ದವಳು ಈಗ ಹಿಂದಿನಿಂದ ಎಣಿಸ್ತಾಳೆ! ಆಮೇಲೆ, ಹಿಮ್ಮಡಿಗೆ ಬೆರಳು ತಾಗಿಸಿ, ಅಡಿಗೆ ಅಡಿ ಜೋಡಿಸಿ ಅಂಗಳದಲ್ಲಿ ನಡೆಯುವುದು. ಪಕ್ಕದ ಮನೆ ಸೋಮ ನೋಡಿದ. ಗಡಿ ಅಳೀತಿದ್ದೇನೆ ಅಂದುಕೊಂಡು ಸರ್ವೆ ಕಾಗದ ಹಿಡಿದು ಓಡಿ ಬಂದ! ನಾನು ಬಿಡ್ತೇನಾ? "ಎರಡಡಿ ನಿನ್ನ ಹಿತ್ತಲಿಗೆ ಹೋಗಿದೆಯಲ್ಲ ಮಾರಾಯ" ಅಂದೆ. ಮೂರು ದಿನ ಅವನಿಗೆ ನಿದ್ದೆ ಇಲ್ಲ!

ನಕ್ಕಿರಿ! ನಕ್ಕಿರಲ್ಲ? ಹಾಗಾದರೆ ಕೀಲಿ...

ಪರೀಕ್ಷೆಯಾ? ಆಯ್ತಲ್ಲ! ಕಣ್ಣು ಮುಚ್ಚಿಸಿ ಪಾದಕ್ಕೆ ನೈಲಾನ್ ಎಳೆ ತಾಗಿಸ್ತಾರೆ, ತಾಗಿದಾಗ "ಹೂಂ" ಅನ್ನಬೇಕು. ಹತ್ತು ಸಲ ತಾಗಿಸಿದರು. ಹತ್ತಕ್ಕೆ ಹತ್ತು! ಒಂದೂ ತಪ್ಪಿಲ್ಲ! ಮೇಡಂಗೇ ಆಶ್ಚರ್ಯ. ಹೊಸದಾಗಿ ಮದುವೆಯಾದವರು ಪಾಪ, ಕೈತುಂಬ ಗಾಜಿನ ಬಳೆ. ಕೈ ಆಡಿಸಿದರೆ ಸಾಕು, ಗಿಲ್... ಏನಿಲ್ಲ. ಬಳೆ ಚೆಂದ ಇದ್ದವು ಅಂದೆ.

ಕುರ್ಚಿ ಯಾಕೆ ಮುಂದೆ ಎಳೆದುಕೊಂಡಿರಿ? ನಾನು ಹೇಳುವುದು ಕೇಳ್ತಿಲ್ವಾ? ಜೋರಾಗಿ ಹೇಳ್ತೇನೆ. ಬ್ರೇಕು ಒತ್ತುವುದು ಅಂದರೆ ನನಗೆ ಉಸಿರಾಡಿದ ಹಾಗೆ. ಆವತ್ತೂ ಒತ್ತಿದ್ದೆ, ಆ ಕೆಂದ ನಾಯಿ... ಕರಿ ಅಂದಿದ್ದೆನಾ? ಎರಡೂ ಬಣ್ಣ ಇತ್ತು ಅದಕ್ಕೆ. ಮುಂದಿನಿಂದ ಕರಿ, ಹಿಂದಿನಿಂದ ಕೆಂಪು.

ಹೆಗಡೇರೇ... ಎಂಥದು? ಮೇಜಿನ ಕೆಳಗಾ? ಕೆಳಗೆ ಏನು ನೋಡಬೇಕು...

...

ಯಾವಾಗಿನಿಂದ ಇಟ್ಟಿದ್ದೀರಿ?

ತೋಟದಿಂದ ಸೀದಾ ಬಂದಿರಾ, ಗಂಬೂಟು ಹಾಕಿಕೊಂಡೇ? ಅಷ್ಟು ದಪ್ಪದ್ದು... ನನ್ನ ಕಾಲಬೆರಳುಗಳ ಮೇಲೆ... ಬಳೆಯ ಮಾತು ಬಂದಾಗಿನಿಂದಲಾ? ಅಯ್ಯೋ, ಊರಿಗೆಲ್ಲ ಟೋಪಿ ಹಾಕಿದವನು ನಾನು! ನಿಮ್ಮ ಕೈಯಲ್ಲಿ ಬಳೆ ಇಲ್ಲವಲ್ಲ, ನನಗೆ ಹೇಗೆ ಗೊತ್ತಾಗಬೇಕು?

ಬೈದುಬಿಡಿ.

...ನಾಯಿ ಇರಲಿಲ್ಲ. ಕಾಲು ಬ್ರೇಕಿನ ಮೇಲಿದೆ ಅಂತಲೇ ತಿಳಿದಿದ್ದೆ. ಬೇಲಿ ಎದುರಿಗೆ ಬಂದಾಗ ಬಗ್ಗಿ ನೋಡಿದೆ... ಪಕ್ಕದ ಎಕ್ಸಿಲರೇಟರಿನ ಮೇಲಿತ್ತು. ಹತ್ತು ನಿಮಿಷ ಮೊದಲು ಸಮೃದ್ಧಿ ಇಳಿದು ಟಾಟಾ ಮಾಡಿ ಹೋಗಿದ್ದಳು.

ಕೀಲಿ ಕಿಸೆಯಲ್ಲೇ ಇರಲಿ. ನಾನು ಕೇಳಿದರೂ ಕೊಡಬೇಡಿ. ನಾನು ಕೇಳ್ತೇನೆ, ಗೊತ್ತಲ್ಲ ನಿಮಗೆ. ನಾಯಿ ಸುಳ್ಳು ಅಂತ ಸಮೃದ್ಧಿಗೆ ಮಾತ್ರ ಹೇಳಬೇಡಿ, ಅವಳು ಅದಕ್ಕೆ ಬಿಸ್ಕತ್ತು ಎತ್ತಿಟ್ಟಿದ್ದಾಳೆ.

ಈಗಲಾದರೂ ಕಾಲು ತೆಗೀರಿ ಮಾರಾಯ್ರೇ... ಆಗಲೇ ತೆಗೆದಿರಾ? ನೋಡಿ, ಅದೂ ತಿಳೀಲಿಲ್ಲ.

ಚಾದ ದುಡ್ಡು ನೀವೇ ಕೊಟ್ಟುಬಿಡಿ ಹೆಗಡೇರೇ. ಗಲ್ಲೆಯವರೆಗೆ ನಡೆಯಬೇಕಾದರೆ ಹಿಡಿದುಕೊಳ್ಳಲಿಕ್ಕೆ ನನಗೆ ಏನೂ ಇಲ್ಲ.