ಡ್ರೈವರ್ ಇಲ್ಲದೆ ಓಡದ ಕಾರು

ಅಲ್ಲ ಅಣ್ಣ, ನಗೋದಾದರೆ ಒಂದು ಸಲ ನಕ್ಕುಬಿಡು, ಆಮೇಲೆ ನಾನು ಹೇಳೋದನ್ನ ಕೇಳು. ನಮ್ಮ ಬಾಗಿಲಲ್ಲಿ ತಂದು ನಿಲ್ಲಿಸಿದೀಯಲ್ಲ ಆ ಚಿಕ್ಕ ಕಾರು, ಅದು ಬೇಡ. ಹಾಸನದಲ್ಲಿ ಯಾರೋ ವಕೀಲರ ಹಿತ್ತಲಲ್ಲಿ ನಿಂತಿದೆ ಅಂದೆಯಲ್ಲ ಹಳೇ ದೊಡ್ಡ ಕಾರು, ಅದು ಬೇಕು... ಹೂಂ, ಅದೇ. ಒಳಗೆ ಕೋಳಿ ಮಲಗುತ್ತೆ ಅಂದೆಯಲ್ಲ, ಅದೇ ಕಾರು.

ಎಲೆ ಒರೆಸ್ತಾ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡ. ಹೊತ್ತು ಮುಳುಗೋದರೊಳಗೆ ಎಲ್ಲರಿಗೂ ಬಡಿಸಬೇಕು. ಇವರು ಪಾತ್ರೆ ಅಂಗಡಿ ಬಾಗಿಲು ಹಾಕಿ ಬರೋ ಹೊತ್ತಾಯ್ತು. ಬಂದು ಕೂತವರೇ ಕೇಳ್ತಾರೆ, "ಏನು ಶಾಂತಿರಾಜ, ಯಾವುದು ತಗೊಳ್ಳೋಣ ಅಂತೀಯ?" ಅಂತ. ನೀನು ಯಾವುದು ಅಂತೀಯೋ ಅದೇ. ಹಾಸನದಲ್ಲಿ ಮೋಟಾರ್ ರಿಪೇರಿ ಮಾಡೋ ಭಾವಮೈದ ಇರುವಾಗ ಹೆಂಡತಿ ಮಾತು ಯಾರಿಗೆ ಬೇಕು? ಅದಕ್ಕೇ ಅವರು ಬರೋಕೆ ಮುಂಚೆ ನಿನ್ನನ್ನ ಈ ಅಡುಗೆಮನೆ ಬಾಗಿಲಲ್ಲಿ ಹಿಡಿದು ಕೂರಿಸಿರೋದು.

ಯಾಕೆ ಅಂತಲಾ? ಅತ್ತೆಯವರಿಗೋಸ್ಕರ. ಈ ಕಾರಿನ ಸೀಟೆಲ್ಲ ತೊಗಲು. ಅವರು ವ್ರತ ಹಿಡಿದ ಮೇಲೆ ಕಾಲಿಗೆ ಚಪ್ಪಲಿ ಕೂಡ ಹಾಕಲ್ಲ. ಬೆಳಗೊಳದ ಬೆಟ್ಟಕ್ಕೆ ಹೋಗೋಕೆ ಸತ್ತ ದನದ ಮೇಲೆ ಕೂತ್ಕೋತಾರಾ?... ಏನು? ದೊಡ್ಡ ಕಾರಿಂದೂ ತೊಗಲೇನಾ?... ಅದು ಹಳೇದು, ಹರಿದಿರುತ್ತೆ ಬಿಡು. ಕಿತ್ತುಹಾಕಿ ಬಟ್ಟೆಯ ಸೀಟು ಹೊಲಿಸಿದರಾಯ್ತು... ಇದಕ್ಕೂ ಹೊಲಿಸಬಹುದು. ಸರಿ. ಗೆದ್ದೆ ನೀನು.

ಆದರೆ ಜಾಗ? ಜಾಗ ಬೇಡವಾ ಮನುಷ್ಯರು ಕೂರೋಕೆ? ಇದೊಂದು ಮುಚ್ಚಳದ ಡಬ್ಬಿ ಇದ್ದಂಗಿದೆ. ಇರೋದು ನಾಲ್ಕೇ ಜನ, ನಿಜ. ಇವತ್ತು ನಾಲ್ಕು ಜನ. ನಾಳೆ?... ಇಲ್ಲಪ್ಪ, ಏನೂ ವಿಶೇಷ ಇಲ್ಲ. ಹಾಗೆ ನೋಡಬೇಡ.

ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಂತೀಯ. ಕುಡಿದರೆ ಕುಡೀಲಿ. ನಮ್ಮ ಮನೇಲಿ ಕುಡಿಯೋದು ಅಂತ ಅದೊಂದಾದರೂ ಇರಲಿ.

ನಗು, ನಗು. ಚಿಕ್ಕವಳಿದ್ದಾಗಲೂ ಹೀಗೇ. ನಾನು ಏನು ಹೇಳಿದರೂ ನಿನಗೆ ನಗು. ಹತ್ತನೇ ಕ್ಲಾಸಿಗೆ ನಿಲ್ಲಿಸಿ ಮದುವೆ ಮಾಡಿದಾಗ, ಇವಳ ಬಾಯಿಗೆ ಗಂಡನ ಮನೇಲಿ ಮೂರು ದಿನ ಬಾಳಲ್ಲ ಅಂತ ನೀನೇ ಅಂದಿದ್ದು. ಏಳು ವರ್ಷ ಬಾಳಿದೀನಿ. ಈ ಬಾಯಿಂದಲೇ ಬಾಳಿದೀನಿ... ಅದಿರಲಿ.

ಮಧ್ಯಾಹ್ನ ನೀನೇ ಅಂದೆ ನೋಡು, ಆ ದೊಡ್ಡ ಕಾರು ಒಬ್ಬರ ಕೈಲಿ ಆಗೋದಲ್ಲ ಅಂತ. ಒಬ್ಬ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬ ಒಳಗೆ ಕೂತಿರಬೇಕು, ಇಲ್ಲದಿದ್ದರೆ ಸ್ಟಾರ್ಟೇ ಆಗಲ್ಲ ಅಂತ. ನೀನು ಅದನ್ನ ದೋಷ ಅಂದೆ. ನನಗೆ ಬೇಕಾಗಿರೋದೇ ಅದು. ಅಂಥ ಕಾರು ತಗೊಂಡರೆ ಡ್ರೈವರ್ ಇಡಲೇಬೇಕು. ಪಾಲಾಕ್ಷ ಇದಾನಲ್ಲ, ಅರಕಲಗೂಡಿನ ಬಸ್ಸು ಓಡಿಸ್ತಿದ್ದೋನು, ಆ ಲೈನು ನಿಂತ ಮೇಲೆ ಸುಮ್ಮನೆ ಕೂತಿದಾನೆ. ಒಳ್ಳೇ ಮನುಷ್ಯ. ಅವನು ಓಡಿಸಲಿ, ಇವರು ಹಿಂದೆ ಸಾಹುಕಾರರ ಥರ ಕೂತ್ಕೊಳ್ಳಲಿ.

ಕೇಳದೆ ಇರ್ತೀನಾ ಅಣ್ಣ? ಕೇಳಿದೆ. "ಕೈಕಾಲು ನೆಟ್ಟಗಿರೋ ಗಂಡಸಿಗೆ ಡ್ರೈವರ್ ಯಾಕೆ?" ಅಂದರು. ಆಮೇಲೆ ಎರಡು ದಿನ ನನ್ನ ಹತ್ತಿರ ಮಾತೇ ಇಲ್ಲ. ಪಕ್ಕದ ಮನೆ ಗುಂಡಯ್ಯ ಬೇರೆ ಊರೆಲ್ಲ ಡಂಗುರ ಹೊಡೆದಿದಾನೆ, ನೇಮಿರಾಜಯ್ಯನೋರು ಕಾರು ತಗೋತಾರಂತೆ, ತಾವೇ ಓಡಿಸ್ತಾರಂತೆ ಅಂತ.

ಚೆನ್ನಾಗೇ ಓಡಿಸ್ತಾರೆ. ನಾನು ಇಲ್ಲ ಅಂದೆನಾ? ಲೈಸೆನ್ಸೂ ಇದೆ. ನಡುಹಗಲು, ಸುಡೋ ಬಿಸಿಲಲ್ಲಿ ಓಡಿಸಿ ತೋರಿಸಿ ತಗೊಂಡ ಲೈಸೆನ್ಸು... ಏನಿಲ್ಲ. ಹಾಗೇ ಅಂದೆ. ಬಿಸಿಲಿತ್ತು ಅಂದೆ, ಅಷ್ಟೇ.

ಎತ್ತಿನ ಗಾಡೀನೇ ಸಾಕಾಗಿತ್ತು ಅಣ್ಣ ನಮಗೆ. ಬಾಗೂರು ಸಂತೆಯಿಂದ ಬರುವಾಗ ಒಂದೊಂದು ದಿನ ಕತ್ತಲಾಗಿಬಿಡುತ್ತೆ. ಎತ್ತುಗಳಿಗೆ ದಾರಿ ಗೊತ್ತು, ತಮ್ಮ ಪಾಡಿಗೆ ತಾವು ಬಂದು ಕೊಟ್ಟಿಗೆ ಮುಂದೆ ನಿಲ್ಲುತ್ತವೆ. ಕಾರಿಗೆ ದಾರಿ ಗೊತ್ತಾ? ಕೆರೆ ಏರಿ ಎಲ್ಲಿ ತಿರುಗುತ್ತೆ ಅಂತ ಅದಕ್ಕೆ ಗೊತ್ತಾ? ಅದು ಓಡಿಸೋರು ತಿರುಗಿಸಿದ ಕಡೆ ಹೋಗುತ್ತೆ. ನೀರಿಗೆ ತಿರುಗಿಸಿದರೆ ನೀರಿಗೇ ಹೋಗುತ್ತೆ...

ಯಾಕೆ ನಗು ನಿಲ್ಲಿಸಿಬಿಟ್ಟೆ?

ಬೈ ಬೇಕಾದರೆ. ಹೆಂಗಸರಿಗೆ ಮೋಟಾರ್ ವಿಚಾರ ಏನು ಗೊತ್ತು ಅನ್ನು. ಹೀಗೆ ನನ್ನ ಮುಖ ನೋಡ್ತಾ ಕೂರಬೇಡ... ಆಯ್ತು. ಆಯ್ತು ಅಣ್ಣ. ಅತ್ತೆ ಜಗುಲಿ ಮೇಲೆ ಜಪ ಮಾಡ್ತಿದಾರೆ, ಮೆಲ್ಲಗೆ ಹೇಳ್ತೀನಿ. ಇವರಿಗೆ ಇರುಳುಗುರುಡು.

ಹೂಂ. ಹೊತ್ತು ಇಳಿದರೆ ಏನೂ ಕಾಣಿಸಲ್ಲ. ಇವತ್ತು ನಿನ್ನೇದಲ್ಲ, ಮದುವೆಗೆ ಮುಂಚಿಂದಲೂ ಇದೆ. ಗೊತ್ತಾಗಲಿಲ್ಲವಾ ಅಂತ ಕೇಳ್ತೀಯ, ಯಾರಿಗೆ ಗೊತ್ತಾಗಬೇಕು? ನಮ್ಮದು ಹೊತ್ತು ಮುಳುಗೋದರೊಳಗೆ ಊಟ ಮುಗಿಸೋ ಜಾತಿ. ಬೇರೆಯವರ ಮನೇಲಿ ಹುಟ್ಟಿದ್ದರೆ ಎರಡನೇ ದಿನವೇ ಅನ್ನ ಬಿಟ್ಟು ನೆಲ ತಡವೋದು ಕಂಡುಬಿಡ್ತಿತ್ತು. ನೆನಪಿದೆಯಾ, ನಮ್ಮ ಮದುವೆ ಬೀಗರೂಟದ ದಿನ? ಇನ್ನೂ ಬೆಳಕಿರುವಾಗಲೇ ಎಲೆ ಬಿಟ್ಟೆದ್ದು ಹೋಗಿ ಕೋಣೇಲಿ ಕೂತುಬಿಟ್ಟರು. ಅಪ್ಪ ಎಷ್ಟು ಹಿಗ್ಗಿದರು! ಅಳಿಯ ಅಂದರೆ ಹೀಗಿರಬೇಕು, ಈ ವಯಸ್ಸಿಗೇ ಎಂಥ ನೇಮ ಅಂತ ಊರಿಗೆಲ್ಲ ಹೇಳ್ಕೊಂಡು ಬಂದರು. ನೇಮ ಅಲ್ಲ ಅಪ್ಪ, ಕತ್ತಲಾದರೆ ಕೋಣೆ ಬಾಗಿಲು ಸಿಗಲ್ಲ ಅಂತ ಹೆದರಿಕೆ... ಯಾರಿಗೆ ಹೇಳಲಿ ನಾನು? ಅವರೇ ನನಗೆ ಇವತ್ತಿನವರೆಗೂ ಹೇಳಿಲ್ಲ.

ಹೇಳಿಲ್ಲ ಅಣ್ಣ. ನಾನೂ ಕೇಳಿಲ್ಲ. ಕಣ್ಣಿಗೆ ಒಳ್ಳೇದು ಅಂತಾರಲ್ಲ ಹೊನಗನ್ನೆ ಸೊಪ್ಪು, ಅದನ್ನ ಯಾಕೆ ದಿನಾ ಮಾಡ್ತೀಯ ಅಂತ ಅವರು ಕೇಳಲ್ಲ, ಸುಮ್ಮನೆ ಉಣ್ಣುತ್ತಾರೆ. ಮಧ್ಯಾಹ್ನ ನೀನೂ ಬೈದುಕೊಂಡು ತಿಂದೆ. ನನ್ನ ಬಾಯಿ ಅಂದೆನಲ್ಲ... ಸಂಜೆ ಆದರೆ ಸಾಕು ಇವಳು ಶುರು ಮಾಡ್ತಾಳೆ ಅಂತ ಬೀದಿಯೆಲ್ಲ ಆಡ್ಕೊಳ್ಳುತ್ತೆ. ಅವರು ಅಂಗಡಿಯಿಂದ ತಡವಾಗಿ ಬಂದ ದಿನ ನಾನು ಅಂಗಳದಲ್ಲಿ ನಿಂತು ಬೈತೀನಿ. ಇಲ್ಲಿ ಯಾರು ಕೊಡ ಇಟ್ಟಿದ್ದು, ಮೆಟ್ಟಿಲ ಮೇಲೆ ಯಾರು ಮೊರ ಬಿಟ್ಟಿದ್ದು ಅಂತ. ಆ ಬೈಗುಳ ಹಿಡ್ಕೊಂಡೇ ಅವರು ಒಳಗೆ ಬರೋದು. ಕಾಲು ಒಂದು ಸಲ ಎಡವಲ್ಲ. ಅತ್ತೆ ಅಂತೂ ಮಗನಿಗೆ ಎಂಥ ಬಜಾರಿ ಗಂಟು ಬಿದ್ದಳು ಅಂತ ಕೊರಗ್ತಾರೆ. ಕೊರಗಲಿ.

ಈಗ ಕಾರು ಯಾಕೆ ಅಂತ ಕೇಳು. ನಿನ್ನನ್ನ ಅವರು ಮಧ್ಯಾಹ್ನ ಏನು ಕೇಳಿದರು? ಎಂಜಿನ್ ಕೇಳಲಿಲ್ಲ, ಟೈರ್ ಕೇಳಲಿಲ್ಲ. ದೀಪ ಕೇಳಿದರು. ಎರಡರಲ್ಲಿ ಯಾವುದರ ದೀಪ ದೂರಕ್ಕೆ ಬೀಳುತ್ತೆ ಅಂತ. ನೀನು ನಕ್ಕುಬಿಟ್ಟು, ಈ ಚಿಕ್ಕದರದ್ದು, ಸಕಲೇಶಪುರದ ದೊರೆ ತೋಟದ ದಾರಿಗೆ ಅಂತ ಹಾಕಿಸಿದ್ದು, ಹಗಲು ಮಾಡಿಬಿಡುತ್ತೆ ಅಂದೆ. ಅವರ ಮುಖ ನೋಡಿದೆಯಾ ಆಗ? ನಾನು ಬಾಗಿಲ ಸಂದಿಯಿಂದ ನೋಡಿದೆ. ಮಗು ಮುಖ ಆದಂಗಾಯ್ತು. ಅಷ್ಟು ದೊಡ್ಡ ದೀಪ ಇದ್ದರೆ ತಮಗೂ ಎಲ್ಲರ ಹಾಗೆ ಕಾಣಿಸುತ್ತೆ ಅಂದ್ಕೊಂಡಿದಾರೆ ಅಣ್ಣ. ನಾಳೆ ಬಾಗೂರು ಸಂತೆಗೆ ಇದರಲ್ಲೇ ಹೋಗ್ತಾರಂತೆ. ಬೇಕಂತಲೇ ಹೊತ್ತು ಮುಳುಗಿಸಿಕೊಂಡು, ದೀಪ ಹಾಕ್ಕೊಂಡು ವಾಪಸ್ ಬರ್ತಾರಂತೆ. ಕೆರೆ ಏರಿ ಮೇಲೆ.

ಕಾಣಿಸಲ್ಲ ಅಂತ ನನಗೆ ಹೇಗೆ ಗೊತ್ತಾ? ಬೆಳಗೊಳದಲ್ಲಿ ಒಂದು ರಾತ್ರಿ ಗ್ಯಾಸ್‌ಲೈಟಿನ ಪಕ್ಕದಲ್ಲೇ ನಿಂತಿದ್ದೆವು. ದೀಪ ಕಾಣಿಸ್ತು ಅವರಿಗೆ. ಅದರಾಚೆ ನಿಂತಿದ್ದ ನಾನು ಕಾಣಿಸಲಿಲ್ಲ.

ನೀನು ಒಂದೇ ಒಂದು ಮಾತು ಹೇಳು. ಈ ಕಾರಿನಲ್ಲಿ ಏನೋ ದೋಷ ಇದೆ ಅನ್ನು. ಗೇರು ಸರಿಯಿಲ್ಲ ಅನ್ನು, ಏನಾದರೂ ಅನ್ನು... ಗೊತ್ತು. ನೀನು ಸುಳ್ಳು ಹೇಳಲ್ಲ, ಸ್ವಾಮಿಗಳ ಮುಂದೆ ವ್ರತ ತಗೊಂಡಿದೀಯ. ಹಾಗಾದರೆ ನಿಜ ಹೇಳ್ತೀಯಾ? ಎಲೆ ಮುಂದೆ ಕೂತಿರೋ ಗಂಡಸಿಗೆ, ನಿನಗೆ ಕಣ್ಣು ಕಾಣಿಸಲ್ಲ ಅಂತ ಹೇಳ್ತೀಯಾ? ಅದಾದ ಮೇಲೆ ಅವರು ಈ ಮನೇಲಿ ತಲೆ ಎತ್ತಿ ಓಡಾಡ್ತಾರಾ? ಸುಳ್ಳೂ ಬೇಡ ನಿಜವೂ ಬೇಡ ಅಂತ ನಾನು ಹುಡುಕಿದ್ದು ಆ ಕೋಳಿ ಕಾರು ಅಣ್ಣ. ಡ್ರೈವರ್ ಇಲ್ಲದೆ ಓಡಲ್ಲ ಅದು. ಅವರ ಮರ್ಯಾದೆನೂ ಉಳಿಯುತ್ತೆ, ಜೀವನೂ ಉಳಿಯುತ್ತೆ. ಇದಕ್ಕಿಂತ ನನಗೆ ಬೇರೆ ದಾರಿ ಕಾಣಿಸಲ್ಲ.

ಏನು?... ಜ್ವಾಲೀನಾ?

ಯಾವಾಗ ಹೇಳಿದರು ನಿನಗೆ? ಮಧ್ಯಾಹ್ನ ಕಾರಿನಲ್ಲಾ? "ನನಗೆ ಡ್ರೈವರ್ ಯಾಕೆ, ನನ್ನ ಮಗಳು ಪಕ್ಕದಲ್ಲಿ ಕೂತು ದಾರಿ ಹೇಳ್ತಾಳೆ" ಅಂದರಾ? ನಾಳೆ ಅವಳನ್ನೂ ಕರ್ಕೊಂಡು... ಇಲ್ಲ, ನನಗೆ ಹೇಳಿಲ್ಲ. ನನಗೆ ಹೇಳಿಲ್ಲ.

ಚುರುಕು ಹುಡುಗಿ, ಹೌದು. ಆರು ವರ್ಷಕ್ಕೇ ಅಂಗಡಿ ಬೋರ್ಡೆಲ್ಲ ಓದ್ತಾಳೆ, ಹೌದು. ಏರಿ ತಿರುವು ಬಂದರೆ ಹೇಳಬಲ್ಲಳು ಅಂತೀಯ. ಹೇಳಬಲ್ಲಳು... ಇನ್ನೂ ಚಿಕ್ಕವಳು ಅಣ್ಣ, ನಿದ್ದೆ ಬಂದುಬಿಡುತ್ತೆ ಅವಳಿಗೆ. ಸಂಜೆ ಆದರೆ ನಿದ್ದೆ. ಬೇಡ. ಅವಳು ಮಾತ್ರ ಬೇಡ.

ತಾಳು, ಹಿತ್ತಲ ಬಾಗಿಲು ಸದ್ದಾಯ್ತು. ನೀನು ಎಲೆ ಮುಂದೆ ಕೂತ್ಕೋ, ಹಿತ್ತಲಲ್ಲಿ ಮಬ್ಬಾದರೂ ಬಿಸಿಲು ಇನ್ನೂ ತೆಂಗಿನ ತುದೀಲಿದೆ, ಊಟಕ್ಕೆ ಹೊತ್ತಿದೆ...

ಯಾರು ಇಲ್ಲಿ ಒರಳ ಪಕ್ಕ ಬಿಂದಿಗೆ ಇಟ್ಟಿದ್ದು? ಈ ಮನೇಲಿ ಯಾರಿಗೂ ಬುದ್ಧಿ ಇಲ್ಲವಾ? ಎಡಗಡೆ ಜಾಗ ಇದೆ, ಎಡಗಡೆಯಿಂದ ಬರೋಕೇನು ರೋಗ? ಎರಡು ಮೆಟ್ಟಿಲು ತೊಳೆದು ಒದ್ದೆ ಮಾಡಿದೀನಿ, ಮೆಲ್ಲಗೆ ಹತ್ತೋದು. ಹೂಂ. ಇನ್ನೊಂದು. ಬಾ.

ಹಾಗ್ಯಾಕೆ ಎದ್ದು ನಿಂತೆ ಅಣ್ಣ? ಕೂತ್ಕೋ.

ನಿನ್ನ ಭಾವ ಇನ್ನೂ ಬಂದಿಲ್ಲ. ಬೀದಿ ಬಾಗಿಲಿಂದ ಬರ್ತಾರೆ ಅವರು. ಇದು ಜ್ವಾಲಿ.

ಅತ್ತೆಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ... ಹೆಣ್ಣು ಮಗು ಅಣ್ಣ. ಮಾತಾಡು. ಏನಾದರೂ ಮಾತಾಡು, ನೀನು ಎಲ್ಲಿದೀಯ ಅಂತ ಅವಳಿಗೆ ತಿಳಿಯಲಿ.