ಮರಿಯ ಹಾಲು

ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ನೇತ್ರಾವತಿ ಇಡ್ಲಿ ಪೊಟ್ಟಣ ಬಿಚ್ಚುವುದನ್ನೂ ಮರೆತು ಪಕ್ಕದ ಅಕ್ಕ-ತಮ್ಮನ ಜಗಳಕ್ಕೆ ಕಿವಿಗೊಟ್ಟಿದ್ದಳು. ಅಕ್ಕ ಉಚ್ಚಂಗಮ್ಮನ ತೊಡೆಯ ಮೇಲೆ ನೆನೆಸಿದ ಶೇಂಗಾ, ಸೌತೆಕಾಯಿ ತುಂಬಿದ ಡಬ್ಬಿ ಇತ್ತು.

"ಬೀಗರ ಮನೇಲೂ ಹಸೀದೇ ತಿಂತೀಯೇನಕ್ಕಾ?"

"ಹ್ಞೂಂ ಕಣೋ. ಕುರಿ ಹಿಂದೆ ಹೋದಾಗ ನೀನು ಹಸಿ ಶೇಂಗಾ ತಿಂದ್ಕಂಡೇ ಇರಲ್ವಾ? ಆಗ ನಿನ್ನ ಯಾರು ಕೇಳಿದ್ರು?"

"ಕೀಲುನೋವಿಗೆ ಡಾಕ್ಟ್ರು ಏನಂದ್ರು?"

"ಮಾತ್ರೆ ಬಿಡಬ್ಯಾಡ ಅಂದ್ರು, ಬಿಟ್ಟಿಲ್ಲ. ಜತೆಗೆ ಹಸೀದು ತಿನ್ನಕ್ಕೆ ಸುರು ಮಾಡಿದ ಮೇಲೆ ಮಡಚಕ್ಕೂ ಬರದ ಬೆರಳು ಈಗ ಮುಷ್ಟಿ ಹಿಡಿತಾವೆ."

"ಹಾಲೂ ಬಿಟ್ಟಿದೀಯಲ್ಲ, ಬೀಗರು ಕರೆದು ಕೊಟ್ಟ ಕುರಿ ಹಾಲು ಕುಡೀದಿದ್ರೆ ಕುರಿಹಟ್ಟಿಗೇ ಕೇಡು ಅಂತಾರೆ."

"ಲೋಟ ಇಸ್ಕಂಡು ಅವರ ಎದುರಿಗೇ ಮರಿಗೆ ಕುಡಿಸ್ತೀನಿ. ಹಾಲು ಅದರದ್ದೇ ಅಲ್ವೇನೋ?"

ಧರ್ಮಪುರದ ಬಸ್ಸು ಬಂತು.

"ಕೈ ಕೊಡಕ್ಕಾ, ಹತ್ತಿಸ್ತೀನಿ."

"ಡಬ್ಬಿ ಹಿಡ್ಕ," ಎಂದವಳೇ ಉಚ್ಚಂಗಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು ಹತ್ತಿಬಿಟ್ಟಳು.